ಕಲ್ಲುಗೋಡೆಯ ತಿರುವಿನಲ್ಲಿ

ಮಿಶಿಗನ್‌ನ ವಿಕ್ಸಮ್ ಊರಿನ ಇಂಡಸ್ಟ್ರಿಯಲ್ ಪಾರ್ಕಿನಲ್ಲಿ ಕಾರಿನ ಬಿಡಿಭಾಗ ತಯಾರಿಸುವ ಸಣ್ಣ ವರ್ಕ್‌ಶಾಪ್ ಇಟ್ಟುಕೊಂಡಿದ್ದ ಹರಿಹರದ ಯಾಕೂಬ್ ಎಂದರೆ ಎಲ್ಲರಿಗೂ ಮೆತ್ತಗಿನ ಮನುಷ್ಯ. ಕೆಲಸಗಾರರನ್ನು ಗದರಿದವನಲ್ಲ. ಗ್ಯಾರೇಜಿಗೆ ನುಗ್ಗಿದ ರಕೂನ್ ಎಂಬ ಕಾಡುಪ್ರಾಣಿಯನ್ನೂ ಪೊರಕೆ ಹಿಡಿದು, ಮಾತಾಡಿಸುತ್ತಲೇ ಹೊರಗೆ ಕಳಿಸಿದ್ದ.

ಮಗಳು ಅನಮ್ ಓದಲು ಗ್ಲಾಸ್ಗೋಗೆ ಹೋದ ಮೇಲೆ ಗಂಡ ಹೆಂಡತಿ ಅವಳನ್ನು ನೋಡಿ ಬರಲು ಹೊರಟರು. ಅವಳು ಅವರನ್ನು ಜನ ಅಷ್ಟಾಗಿ ಹೋಗದ ಒಂದು ಬೆಟ್ಟಕ್ಕೆ ಕರೆದೊಯ್ದಳು. ಕೆಳಗೆ ಲಾಖ್, ಅಂದರೆ ಅಲ್ಲಿಯವರ ಉದ್ದನೆಯ ಸರೋವರ, ಮೋಡ ಕವಿದು ಸೀಸದ ಬಣ್ಣಕ್ಕೆ ತಿರುಗಿತ್ತು. "ನಮ್ಮ ಮಿಶಿಗನ್‌ನಲ್ಲಿ ಹೈವೇ ಎಕ್ಸಿಟ್ ರ‍್ಯಾಂಪೇ ಬೆಟ್ಟ ಕಣ್ರೀ," ಎಂದು ಹೆಂಡತಿ ದಿಲ್‌ಶಾದ್ ಏದುಸಿರಿನ ನಡುವೆ ನಗುತ್ತಿದ್ದಳು.

ಕಲ್ಲುಗೋಡೆಯ ತಿರುವಿನಲ್ಲಿ ದೊಡ್ಡ ಕಂದು ನಾಯಿಯೊಂದು ಕುರಿಯ ಗಂಟಲು ಸೀಳುತ್ತಿತ್ತು. ದಿಲ್‌ಶಾದ್ ಕಿರುಚಿದಳು. ನಾಯಿ ಕುರಿಯನ್ನು ಬಿಟ್ಟು ಅವಳ ಮೇಲೆ ಹಾರಿತು. ತೋಳು ಕಚ್ಚಿ, ಕೆಡವಿ, ಎಳೆದಾಡಿತು. ಅನಮ್ ಬಾಲ ಹಿಡಿದು ಜಗ್ಗಿದಳು. ಯಾಕೂಬ್ ಒದ್ದ. ನಾಯಿ ಬಿಡಲಿಲ್ಲ. ಅವನು ಗೋಡೆಯಿಂದ ಕಲ್ಲು ಕಿತ್ತು ಅದರ ತಲೆಗೆ ಜಜ್ಜಿದ. ಮೂಳೆ ಮುರಿದ ಸದ್ದಾಯಿತು. ದವಡೆ ಸಡಿಲಿತು, ನಾಯಿ ಕುಸಿಯಿತು. ಅವನ ಕೈ ಮಾತ್ರ ನಿಲ್ಲಲಿಲ್ಲ.

"ಅಬ್ಬಾ, ಸ್ಟಾಪ್! ಇಟ್ಸ್ ಡೆಡ್!" ಅನಮ್ ಅವನ ಕೊರಳು ತಬ್ಬಿ ಹಿಂದಕ್ಕೆಳೆದಳು. ಅವಳನ್ನೂ ಮೊಣಕೈಯಿಂದ ತಿವಿದ. ಅವಳ ತುಟಿ ಒಡೆದು ರಕ್ತ ಬಂತು. ಆಗ ಕಲ್ಲು ಕೈಜಾರಿತು.

ನಾಯಿಯ ಖಾಲಿ ಬೆಲ್ಟು ಹಿಡಿದು ಓಡಿಬಂದ ಅದರ ಒಡತಿ, ಒಬ್ಬ ಮುದುಕಿ, ಅದರ ಪಕ್ಕದಲ್ಲೇ ಮಂಡಿಯೂರಿದಳು. ಆಮೇಲೆ ದಿಲ್‌ಶಾದಳ ತೋಳು ನೋಡಿ "ಸಾರಿ, ಸಾರಿ" ಎನ್ನುತ್ತಾ ತನ್ನ ಸ್ಕಾರ್ಫ್ ಬಿಚ್ಚಿ ಕಟ್ಟಿದಳು. ಯಾಕೂಬನ ಕಡೆ ತಿರುಗಿಯೂ ನೋಡಲಿಲ್ಲ. ಪೊಲೀಸರು ಬಂದು, ನಿನ್ನದೇನೂ ತಪ್ಪಿಲ್ಲ ಎಂದು ಅವನ ಕೈಕುಲುಕಿ ಹೋದರು.

ತೋಳಿಗೆ ಹೊಲಿಗೆ ಬಿತ್ತು, ಗಾಯ ಮಾಯಿತು. ವಿಕ್ಸಮ್‌ಗೆ ಮರಳಿದ ಮೇಲೆ ದಿಲ್‌ಶಾದ್ ಬಂದವರಿಗೆಲ್ಲ ಹೆಮ್ಮೆಯಿಂದ ಕಥೆ ಹೇಳಿದಳು. "ಹುಲಿ ಕಣಯ್ಯಾ ನೀನು!" ಎಂದು ಗೆಳೆಯರು ಬೆನ್ನು ತಟ್ಟುತ್ತಿದ್ದರು. ಯಾಕೂಬ್ ಎದ್ದು ಹೊರಗೆ ಹೋಗಿಬಿಡುತ್ತಿದ್ದ.

ಒಂದು ಸಂಜೆ ಅವಳು ಹಿಂದೆಯೇ ಹೋದಳು. "ನನ್ನ ಜೀವ ಉಳಿಸಿದ್ರಿ. ಅದಕ್ಕೂ ಬೇಜಾರಾ?"

"ಅದಕ್ಕಲ್ಲ. ಅದು ಸತ್ತಿದ್ದು ನಂಗೆ ಗೊತ್ತಾಗಿತ್ತು, ದಿಲ್‌ಶಾದ್. ಗೊತ್ತಾದ್ಮೇಲೂ ಹೊಡೀತಾ ಇದ್ದೆ. ಹಿತವಾಗಿತ್ತು."

ಆ ಕಥೆಯನ್ನು ದಿಲ್‌ಶಾದ್ ಮತ್ತೆ ಯಾರಿಗೂ ಹೇಳಲಿಲ್ಲ.