ಕುರಣದ ಹೊಗೆ ಕಂಡ ಬೇಸಿಗೆ

ನಿಜಾಮರ ಕಾಲದಲ್ಲಿ ನಾನು ಗುಂಜೋಟಿಯ ಒಕ್ಕಲುತನದ ಮನೆಗೆ ಕಿರಿಯ ಸೊಸೆಯಾಗಿ ಬಂದೆ. ಹಿರಿಯ ಸೊಸೆ, ನನ್ನ ನೆಗೆಣ್ಣಿ, ಅಷ್ಟರಲ್ಲಿ ಮನೆಯನ್ನೆಲ್ಲ ಗೆದ್ದುಕೊಂಡಿದ್ದಳು. ಅವಳನ್ನು ಅಕ್ಕ ಎನ್ನುತ್ತಿದ್ದೆ. ಬಾಯಲ್ಲಿ ಅಷ್ಟೇ.

ಊರಾಚೆ ನಮ್ಮ ಕುರಣವಿತ್ತು, ಹುಲ್ಲಿಗೆಂದೇ ಕಾದಿಟ್ಟ ಬಯಲು. ದನಗಳಿಗೆ ಬೇಕಾದ ಹುಲ್ಲೆಲ್ಲ ಅಲ್ಲಿಯದೇ. ಬೇಸಿಗೆಯಲ್ಲಿ ಯಾರದೋ ಬೀಡಿಯ ಒಂದು ಕಿಡಿ ಬಿದ್ದರೂ ಹೊತ್ತಿಕೊಳ್ಳುತ್ತಿತ್ತು. ಅದಕ್ಕೇ ಮಾವ ನೀರಿನ ಪೀಪಾಯಿ ಹೇರಿದ ಎರಡು ಬಂಡಿಗಳನ್ನು ಅಂಗಳದಲ್ಲಿ ಸಿದ್ಧವಿಟ್ಟು, ಪಕ್ಕದಲ್ಲೇ ಎತ್ತುಗಳನ್ನು ಕಟ್ಟಿಸುತ್ತಿದ್ದರು. ಮಾಳಿಗೆಯ ಮೇಲೆ ಕೂತು ಹೊಗೆ ಕಾಯುವವಳು ಅಕ್ಕ. ಅವಳು ಕೂಗಿದರೆ ಆಳುಗಳು ತಾಟಿನ ರೊಟ್ಟಿ ಬಿಟ್ಟು ಏಳುತ್ತಿದ್ದರು. ನನಗೋ ಮಾವನ ಎದುರು ಕೆಮ್ಮಲೂ ಸಂಕೋಚ.

"ವೈನಿ ಒಂದು ಮಾತಂದ್ರ ಸಾಕು, ಬಂಡಿ ಆಗ್ಲೇ ಊರು ದಾಟಿರ್ತದ," ಎಂದು ನನ್ನ ಗಂಡ ಉಣ್ಣುತ್ತ ಅತ್ತಿಗೆಯನ್ನು ಹೊಗಳುತ್ತಿದ್ದ. ಬೇಳೆ ಬಡಿಸುತ್ತಿದ್ದ ನನ್ನ ಕೈ ಅವನಿಗೆ ಕಾಣುತ್ತಿರಲಿಲ್ಲ.

ಒಂದು ಬೇಸಿಗೆ ಅಕ್ಕ ತುಂಬಿದ ಬಸುರಿ. ಏಣಿ ಹತ್ತಬೇಡವೆಂದು ಅತ್ತೆ ತಡೆದು ನನ್ನನ್ನು ಕಳಿಸಿದರು. ಸೆರಗು ಬಿಗಿದುಕೊಂಡು ಹತ್ತಿದೆ. ದಿನಗಟ್ಟಲೆ ಕುರಣವನ್ನೇ ನೋಡುತ್ತ ಕೂತೆ. ಹೇಳಬಾರದು, ಆದರೂ ಹೇಳುತ್ತೇನೆ: ಒಂದು ಸಲವಾದರೂ ಹೊಗೆ ಏಳಲಿ ಎಂದು ಮನಸ್ಸು ಬಯಸುತ್ತಿತ್ತು.

ಹಾಗಿರುವಾಗ ಒಂದು ಮಧ್ಯಾಹ್ನ ಆಕಾಶದಲ್ಲಿ ಗುಡುಗುಡು ಸದ್ದಾಯಿತು. ಹೈದರಾಬಾದಿನ ಕಡೆಯಿಂದ ವಿಮಾನ ಬರುತ್ತಿತ್ತು. ನಮ್ಮ ಊರು ಅದನ್ನು ಮೊದಲು ಕಂಡದ್ದೇ ಅಂದು. ಓಣಿಯವರೆಲ್ಲ ಹೊರಬಂದು ಕತ್ತು ಮೇಲೆತ್ತಿ ನಿಂತರು. ನಾನೂ ಒಮ್ಮೆ ನೋಡಿದೆ. ಕಣ್ಣು ಇಳಿಸಿದಾಗ ಕುರಣದ, ಲೋಹಾರಾ ಊರಿನ ಕಡೆಯ ಅಂಚಿನಲ್ಲಿ ಬೂದು ಎಳೆಯೊಂದು ಏಳುತ್ತಿತ್ತು.

"ಹೊಗಿ! ಹೊಗಿ ಕಾಣ್ಲತ್ತದ!" ಎಂದು ಕೂಗಿದೆ.

"ಇಮಾನಕ್ಕ ಹೊಗಿ ಇರ್ತದವ್ವ," ಎಂದು ಕೆಳಗಿನಿಂದ ಆಳೊಬ್ಬ ಮೇಲೆ ನೋಡುತ್ತಲೇ ಅಂದ. ಎಲ್ಲರೂ ನಕ್ಕರು. ಮತ್ತೆರಡು ಸಲ ಕೂಗಿದೆ. ಯಾರೂ ಕದಲಲಿಲ್ಲ.

ಆಗ ಅಕ್ಕ ಒಳಗಿನಿಂದ ಸೊಂಟ ಹಿಡಿದುಕೊಂಡು ಅಂಗಳಕ್ಕೆ ಬಂದಳು. "ಯಾ ಕಡಿ?" ಎಂದು ನನ್ನನ್ನು ಕೇಳಿದಳು. ಕೈ ತೋರಿಸಿದೆ. "ಬಂಡಿ ಹೂಡ್ರಿ. ಲೋಹಾರಾ ಕಡಿ ಅಂಚು," ಎಂದಳು. ದನಿ ಏರಿಸಲೂ ಇಲ್ಲ. ಅಷ್ಟಕ್ಕೇ ಬಂಡಿಗಳು ಧೂಳೆಬ್ಬಿಸಿ ಹೊರಟವು.

ಒದ್ದೆ ಗೋಣಿತಟ್ಟಿನಿಂದ ಬಡಿದು ಬೆಂಕಿ ಆರಿಸಿದರು. ಅಂಚಿನ ಹುಲ್ಲಷ್ಟೇ ಹೋಯಿತು. ಸಂಜೆ ಗಂಡಸರು ಕಟ್ಟೆಯ ಮೇಲೆ ಕೂತಾಗ ಅದೇ ಆಳು, "ಆ ಇಮಾನ ನಮ್ಮ ಕುರಣದ ಮ್ಯಾಲೇ ಹೋಯ್ತಲ್ರೀ. ಎರಡು ಕೊಡ ನೀರು ಸುರುವಿ ಹೋಗಿದ್ರ ನಮಗ ಓಡೋದು ತಪ್ತಿತ್ತು," ಎಂದ.

"ಅದಕ್ಕ ಸುದ್ದಿ ಮುಟ್ಟಿಸೋರ್ಯಾರು?" ಎಂದರು ಮಾವ. "ಹೊಗಿ ಕಂಡ ಕೂಡ್ಲೆ ಕಳಿಸೋರು ಬೇಕು. ನಮ್ಮ ಹಿರೇ ಸೊಸಿ ಇದ್ದಳು, ಉಳೀತು."

ಬಾಗಿಲ ಹಿಂದೆ ನಿಂತಿದ್ದ ನಾನು ಒಳಗೆ ಹೋಗಲು ತಿರುಗಿದೆ. ಅಷ್ಟರಲ್ಲಿ ನನ್ನ ಪಕ್ಕದಲ್ಲಿದ್ದ ಅಕ್ಕ ಅಂದಳು: "ನಾ ಒಳಗಿದ್ದೆ, ಮಾವಾರ. ನೋಡ್ದಾಕಿ ಆಕಿ. ಮೂರು ಸಲ ಕೂಗ್ಯಾಳ, ನೀವ್ಯಾರೂ ಕೇಳಲಿಲ್ಲ."

"ಹೌದೇನು," ಎಂದು ಮಾವ ನನ್ನ ಕಡೆ ನೋಡಿದರು. "ಛಲೋ ಆಯ್ತು ಬಿಡು."

ಸಂತೋಷವಾಗಬೇಕಿತ್ತು. ಆಗಲಿಲ್ಲ. ನನ್ನ ಪಾಲಿನ ಹೊಗಳಿಕೆಯನ್ನೂ ಅವಳೇ ಕೇಳಿ ಕೊಡಿಸಿದ್ದಳು. ಅವಳು ಸುಮ್ಮನಿದ್ದಿದ್ದರೆ ನೆಮ್ಮದಿಯಾಗಿ ಸಿಟ್ಟಾದರೂ ಆಗುತ್ತಿದ್ದೆ.

ಹೆಣ್ಣು ಕೂಸು ಹುಟ್ಟಿದ ಮೇಲೆ ಅಕ್ಕ ಮಾಳಿಗೆ ಹತ್ತಲಿಲ್ಲ. ಆ ಜಾಗ ನನ್ನದಾಯಿತು. ಬರಬರುತ್ತ ಆಳುಗಳು ನನ್ನ ಕೂಗಿಗೂ ಎದ್ದು ಓಡತೊಡಗಿದರು. ಆದರೆ ಅಂಗಳ ದಾಟುವ ಮುಂಚೆ ಒಮ್ಮೆ ಅಡುಗೆಮನೆಯ ಬಾಗಿಲ ಕಡೆ, ಅವಳತ್ತ ನೋಡುತ್ತಿದ್ದರು. ಅವಳು ಹೂಂ ಎಂದು ತಲೆ ಆಡಿಸುತ್ತಿದ್ದಳು. ಮೇಲಿನಿಂದ ಅದು ನನಗೆ ಚೆನ್ನಾಗಿ ಕಾಣುತ್ತಿತ್ತು.