ಸೀತಾಳೆ ದಂಡೆಗೆ ಅಡಿಕೆ ಸಿಪ್ಪೆ

ಚನ್ನಗಿರಿಯಂಥ ಊರಾಗೆ ತಾರಸಿ ಮೇಲೆ ಹಸಿರುಮನೆ ಕಟ್ಟಿ ಆರ್ಕಿಡ್ ಬೆಳೆಸೋ ಗಂಡಸು ಇನ್ನೊಬ್ಬ ಇದ್ರೆ ನನಗೆ ತೋರಿಸ್ರಿ. ಇಲ್ಲ. ನಮ್ಮನೆಯವರೊಬ್ಬರೇ. ಅವರದು ಬೋರ್‌ವೆಲ್ ಮೋಟರ್ ರೀವೈಂಡಿಂಗ್ ಅಂಗಡಿ. ಇಡೀ ದಿನ ತಾಮ್ರದ ತಂತಿ ಸುತ್ತೋದು, ಸಂಜೆ ಮನೆಗೆ ಬಂದು ಕೈ ತೊಳ್ಕೊಂಡು ಸೀದಾ ತಾರಸಿಗೆ. ನಾನು ಟೀ ಹಿಡ್ಕೊಂಡು ಹಿಂದೇನೇ ಹತ್ತಬೇಕು. "ನಿಮ್ಮ ಎರಡನೇ ಸಂಸಾರ ಹೆಂಗೈತ್ರೀ?" ಅಂತ ಛೇಡಿಸಿದ್ರೆ, "ಮೊದಲನೇದಕ್ಕಿರೋ ಬಾಯಿ ಇದಕ್ಕಿಲ್ಲ, ಅಷ್ಟೇ ಸುಖ" ಅಂತಿದ್ರು.

ಕಬ್ಬಿಣದ ಪೈಪಿಗೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಹಸಿರು ನೆರಳುಬಲೆ, ಒಂದು ಕಡೆ ತಾವೇ ಸುತ್ತಿದ ಹಳೇ ಫ್ಯಾನು, ಇನ್ನೊಂದು ಕಡೆ ಮಂಜಿನಂಗೆ ನೀರು ಚಿಮ್ಮೋ ಸಣ್ಣ ಪೈಪು. ಒಳಗೆ ಪೇಟೆಯಿಂದ ತಂದ ಬಣ್ಣಬಣ್ಣದ ಗಿಡ ಬೇಕಾದಷ್ಟಿದ್ವು. ಅವರ ಜೀವ ಇದ್ದಿದ್ದು ಮಾತ್ರ ಸೀತಾಳೆ ದಂಡೆ ಅನ್ನೋ ಕಾಡು ಆರ್ಕಿಡ್ ಮೇಲೆ. ನ್ಯಾಮತಿ ಕಡೆ ರಸ್ತೆ ಅಗಲ ಮಾಡಾಕೆ ಹಳೇ ಮಾವಿನ ಮರ ಕಡಿದಾಗ, ಬಿದ್ದ ಕೊಂಬೆಗೆ ಅಂಟ್ಕಂಡಿದ್ದನ್ನ ಬೈಕಿನ ಮೇಲೆ ತೊಡೆ ಸಂದಿ ಇಟ್ಕೊಂಡು ತಂದಿದ್ರು. ಮರದ ಪಟ್ಟಿಯ ಬುಟ್ಟಿಯೊಳಗೆ ನೇತು ಹಾಕಿದ್ರು. ಮಣ್ಣಿಲ್ಲ, ಗೊಬ್ಬರ ಇಲ್ಲ, ಬೇರೆಲ್ಲ ಗಾಳಿಯಾಗೆ ಜೋತಾಡೋವು. ಮಳೆಗಾಲಕ್ಕೆ ಮುಂಚೆ ಅದು ಹೂ ಬಿಡೋದು, ಬಿಳಿ ಮೇಲೆ ನೇರಳೆ ಚುಕ್ಕೆ ಇರೋ ಉದ್ದನೇ ಗೊಂಚಲು, ಜಡೆ ಇಳಿಬಿಟ್ಟಂಗೆ. ಮುಡ್ಕೊಳಾಕೆ ಒಂದು ಸಲಾನೂ ಕೊಟ್ಟೋರಲ್ಲ. ಗಿಡದಾಗೆ ಇದ್ದಂಗೇ ಗೊಂಚಲನ್ನ ನನ್ನ ಜಡೆ ಪಕ್ಕ ಹಿಡಿದು ನೋಡೋರು, "ಸರಿಹೋಯ್ತು, ಹೋಗು" ಅನ್ನೋರು. ಎಂಥಾ ಜಿಪುಣ!

ಶಿವರಾತ್ರಿ ಮುಗಿದ ಮೇಲೆ ಒಂದು ದಿನ ಅಂಗಡಿಯಾಗೇ ಕುಸಿದ್ರು. ಲಕ್ವ. ಬಲಗೈ, ಬಲಗಾಲು ಹೋದ್ವು, ಮಾತು ಬಿದ್ದುಹೋಯ್ತು. ಆಸ್ಪತ್ರೆಯಿಂದ ಕರ್ಕೊಂಡು ಬಂದ ಮೇಲೆ ಗೋಡೆ ಕಡೆ ಮುಖ ಮಾಡಿ ಮಲಗಿದೋರು ಈ ಕಡೆ ತಿರುಗಲೇ ಇಲ್ಲ. ವ್ಯಾಯಾಮ ಮಾಡಿಸ್ದಿದ್ರೆ ಕೈಕಾಲು ಹಂಗೇ ಸೆಟೆದು ಹೋಗ್ತಾವೆ ಅಂತ ಡಾಕ್ಟರು ಹೇಳಿದ್ರು. ಕೈ ಮುಗಿದೆ, ಬೈದೆ, ಅತ್ತೆ. ಊಹೂಂ. ಕೊನೆಗೆ ಬಾಯಿಗೆ ಬಂದಿದ್ದು ಹೇಳಿಬಿಟ್ಟೆ: "ಸೀತಾಳೆ ದಂಡೆ ಹೂ ಬಿಡೋ ಹೊತ್ತಿಗೆ ನೀವು ಮೇಲೆ ಹತ್ತಿ ಬರಬೇಕು. ಇಲ್ದಿದ್ರೆ ನಾನೇ ಕಿತ್ತು ಮುಡ್ಕಂಡು ಬಸ್‌ಸ್ಟ್ಯಾಂಡಿನ ತನಕ ಓಡಾಡ್ತೀನಿ."

ಮುಖ ತಿರುಗಿಸಿದ್ರು. ಬಾಯಿ ಓರೆಯಾಗಿತ್ತು, ಆದ್ರೂ ನಕ್ಕಿದ್ದು ಗೊತ್ತಾಯ್ತು. ಮಾರನೇ ದಿನದಿಂದ ರಬ್ಬರ್ ಚೆಂಡು ಹಿಚುಕಾಕೆ ಶುರು ಮಾಡಿದ್ರು. ಆವತ್ತಿಂದ ನನಗೆ ಒಂದೇ ಚಿಂತೆ. ಆ ಗಿಡ ಉಳಿಬೇಕು. ಅದೇನಾದ್ರೂ ಸತ್ತರೆ ಇವರು ಮತ್ತೆ ಗೋಡೆ ಕಡೆ ತಿರುಗ್ತಾರೆ, ಆಮೇಲೆ ಯಾರಪ್ಪ ಬಂದ್ರೂ ಈ ಕಡೆ ತಿರುಗಿಸಾಕೆ ಆಗಲ್ಲ.

ಆ ವರ್ಷದ ಬಿಸಿಲೋ, ಥೂ, ಅದರ ಮನೆ ಹಾಳಾಗ! ನಾನು ಜಗಳೂರಿನಾಕಿ. "ಬಿಸಿಲು ನಿನ್ನ ತವರಿನೋನು, ನಿನಗೇನು ಮಾಡ್ತಾನೆ" ಅಂತ ಇವರು ಗೇಲಿ ಮಾಡೋರು. ಆದ್ರೆ ಇಂಥಾ ಬಿಸಿಲು ಜಗಳೂರಾಗೂ ಕಂಡಿರಲಿಲ್ಲ. ಹತ್ತು ಗಂಟೆಗೇ ತಾರಸಿ ಮೇಲೆ ಕಾಲಿಡಂಗಿಲ್ಲ. ಕರೆಂಟು ಸರಿಯಾಗಿ ಮಧ್ಯಾಹ್ನವೇ ಹೋಗೋದು. ಫ್ಯಾನು ನಿಂತ್ರೆ ಒಳಗೆ ಇಡ್ಲಿ ಪಾತ್ರೆ ಮುಚ್ಚಳ ತೆಗೆದಂಗೆ ಹಬೆ ಮುಖಕ್ಕೆ ಹೊಡಿಯೋದು. ಮೊದಲ ದಿನ ಪೈಪು ಹಿಡಿದು ನೀರು ಬಿಟ್ಟೆ. ತಾರಸಿ ಟ್ಯಾಂಕಿನ ನೀರು, ಬಿಸಿಲಿಗೆ ಬಿದ್ದಿದ್ದ ಕಪ್ಪು ಪೈಪು, ಎಲೆ ಮೇಲೆ ಬಿದ್ದಿದ್ದು ಸ್ನಾನದ ನೀರು! ಅಯ್ಯೋ ಶಿವನೇ ಅಂತ ಪೈಪು ಬಿಸಾಕಿದೆ. ಆಮೇಲಿಂದ ಕೆಳಗಿನ ತೊಟ್ಟಿಯಿಂದ ಕೊಡದಾಗೆ ತಣ್ಣೀರು ಹೊತ್ತು, ಗೋಣಿಚೀಲ ಒದ್ದೆ ಮಾಡಿ ಸುತ್ತ ಕಟ್ಟಿದೆ. ಕಟ್ಟಿ ಕೆಳಗಿಳಿದು ಇವರಿಗೆ ಗಂಜಿ ಕುಡಿಸಿ ಬರೋದ್ರೊಳಗೆ ಚೀಲ ಒಣಗಿ ಗರಿಗರಿ. ಮತ್ತೆ ಕೊಡ, ಮತ್ತೆ ಮೆಟ್ಟಿಲು. ಸೊಂಟ ಬಿದ್ದುಹೋಯ್ತು. ನಡುವೆ ಬಾಗಿಲಿಗೆ ಬಂದು "ಅಣ್ಣೋರು ಮೋಟರ್ ನೋಡ್ತಾರೇನ್ರೀ, ತೋಟ ಒಣಗ್ತೈತೆ" ಅನ್ನೋ ರೈತರು ಬೇರೆ. ಅವರ ಮುಖ ನೋಡಿದ್ರೆ ಕನಿಕರ ಆಗೋದು, ಆದ್ರೆ ನನ್ನ ತಲೆ ತುಂಬ ಮೇಲಿನ ಬುಟ್ಟಿ.

ಸೀತಾಳೆ ದಂಡೆಯ ಎಲೆ ತುದಿ ಕಂದು ತಿರುಗ್ತು. ನೋಡಿದ್ರೆ ಅದರ ಬೇರು ಪಾಪ, ಆ ಉರಿಗಾಳಿಯಾಗೆ ಬತ್ತಲೆ ಜೋತಾಡ್ತಾವೆ, ಬಿಳಚಿ ದಾರದಂಗೆ ಆಗ್ಯಾವೆ. ಬಸವಾಪಟ್ಟಣದಾಗಿರೋ ಮೈದುನನಿಗೆ ಫೋನ್ ಹಚ್ಚಿದೆ. ಅವನದು ಅಡಿಕೆ ತೋಟ.

"ಅತ್ತಿಗೆ, ಅದಕ್ಯಾಕೆ ಅಷ್ಟು ತಲೆ ಕೆಡಿಸ್ಕಂತೀರಿ? ಬೇಸಿಗೆಯಾಗೆ ಅಡಿಕೆ ಬುಡಕ್ಕೆ ನಾವು ಸಿಪ್ಪೆ ಮುಚ್ಚಿ ನೀರು ಬಿಡ್ತೀವಲ್ಲ, ಹಂಗೇ ಮಾಡ್ರಿ. ಬೇರು ತಣ್ಣಗಿರ್ತೈತೆ," ಅಂದ.

ಅಂದೋನು ಸುಮ್ನಿರಲಿಲ್ಲ, ಅಡಿಕೆ ಸುಲಿದ ಸಿಪ್ಪೆ ಚೀಲಗಟ್ಟಲೆ ಗೂಡ್ಸ್ ಆಟೋದಾಗೆ ಹೇರ್ಕೊಂಡು ಬಂದ. ಈ ಸೀಮೆಯಾಗೆ ಬೇರು ಅಂದ್ರೆ ಮುಚ್ಚೋದು, ಬೇಸಿಗೆ ಅಂದ್ರೆ ಸಿಪ್ಪೆ. ನನಗೂ ಅದು ದೇವರ ಮಾತಿನಂಗೆ ಕೇಳಿಸ್ತು. ಇಬ್ಬರೂ ಸೇರಿ ಒಂದೊಂದು ಬುಟ್ಟಿಗೂ ಗಿಡಿದು ಗಿಡಿದು ತುಂಬಿದ್ವಿ, ಮೇಲೆ ತಣ್ಣೀರು ಹೊಯ್ದ್ವಿ. ಸೀತಾಳೆ ದಂಡೆಗೆ ಎರಡು ಬೊಗಸೆ ಜಾಸ್ತೀನೇ ಹಾಕಿದೆ. ಆವತ್ತು ಬಂದು ಹೆಮ್ಮೆಯಿಂದ "ನಿಮ್ಮ ಗಿಡಕ್ಕೆ ಹಾಸಿಗೆ ಹಾಸಿ ಬಂದೆ ಕಣ್ರೀ" ಅಂದೆ. ಅವರು "ಊಂ" ಅಂತ ಏನೋ ಹೇಳಾಕೆ ಹೋದ್ರು, ಮಾತು ಬರಲಿಲ್ಲ. ಖುಷಿಗೆ ಅಂತ ನಾನು ತಿಳ್ಕಂಡೆ.

ಒಂದು ವಾರ ಎಲೆ ಹಸಿರಾಗೇ ಇದ್ವು. ಆಮೇಲೊಂದು ಬೆಳಿಗ್ಗೆ ಬಾಗಿಲು ತೆಗೆದ್ರೆ ಹುಳಿ ವಾಸನೆ. ಬುಟ್ಟಿಯೊಳಗೆ ಬೆರಳು ಹಾಕಿದೆ, ಸುಟ್ಟಂಗಾಯ್ತು. ಹೊರಗಿನ ಬಿಸಿಲಲ್ಲ, ಒದ್ದೆ ಸಿಪ್ಪೆ ಒಳಗಿಂದೊಳಗೇ ತಿಪ್ಪೆಯಂಗೆ ಕಾಯ್ತಾ ಇತ್ತು. ಒಂದು ಗಿಡ ಎತ್ತಿದೆ, ಬೇರೆಲ್ಲ ಕರ್ರಗೆ ಕೈಯಾಗೇ ಕರಗಿ ಬಂತು. ಇನ್ನೊಂದು, ಅದೂ ಹಂಗೇ. ಸೀತಾಳೆ ದಂಡೆ ಬುಟ್ಟಿ ಮುಟ್ಟಾಕೆ ನನಗೆ ಧೈರ್ಯ ಬರಲಿಲ್ಲ. ಎತ್ತಿದ್ರೆ ಸತ್ತಿದ್ದು ಗೊತ್ತಾಗ್ತೈತೆ, ಎತ್ತದಿದ್ರೆ ಇನ್ನೂ ಬದುಕೈತೆ ಅಂದ್ಕಳಬಹುದು. ಅಷ್ಟು ಹೇಡಿ ಆಗಿದ್ದೆ. ಮೈದುನನಿಗೆ ಫೋನ್ ಮಾಡಿ ಬಾಯಿಗೆ ಬಂದಂಗೆ ಬೈದೆ, ಅವನು ಅತ್ತುಬಿಟ್ಟ. ತೋಟಕ್ಕೆ ಅಮೃತ ಆಗಿದ್ದು ಇದಕ್ಕೆ ವಿಷ ಆಗ್ತೈತೆ ಅಂತ ಅವನಿಗಾದ್ರೂ ಹೆಂಗೆ ಗೊತ್ತಿರಬೇಕು?

ಹಸಿರುಮನೆಗೆ ಬೀಗ ಹಾಕಿದೆ. ಕೆಳಗೆ ಬಂದು ಇವರಿಗೆ "ಮೊಗ್ಗು ಬಿಟ್ಟೈತ್ರೀ" ಅಂದೆ.

ಯಾಕಂದೆನೋ! ಆ ಮಾತು ಕೇಳಿದ ಮೇಲೆ ಇವರು ಹುಚ್ಚು ಹಿಡಿದೋರಂಗೆ ಕಾಲು ಊರಾಕೆ ಹತ್ತಿದ್ರು. ಗೋಡೆ ಹಿಡಿದು ಅಡಿಗೆಮನೆ ತನಕ, ಆಮೇಲೆ ಅಂಗಳದ ತನಕ. ಒಂದೊಂದು ಮಾತು ತೊದಲು ತೊದಲಾಗಿ ಹೊರಡಾಕೆ ಶುರುವಾಯ್ತು. ನೋಡಿದೋರೆಲ್ಲ "ನಿನ್ನ ಪುಣ್ಯ ಕಣವ್ವ" ಅನ್ನೋರು. ನನಗೆ ಮಾತ್ರ ಅವರು ಒಂದು ಹೆಜ್ಜೆ ಗಟ್ಟಿಯಾಗಿ ಇಟ್ರೆ ಆ ಬೀಗಕ್ಕೆ ಒಂದು ಹೆಜ್ಜೆ ಹತ್ತಿರ ಆದಂಗೆ. ಇವರಿಗೆ ಅನುಮಾನ ಬರಬಾರದು ಅಂತ ದಿನಾ ಕೊಡ ಹೊತ್ತು ಹತ್ತೋದು, ಬೀಗ ತೆಗೆದು ಬೇರೆ ಬುಟ್ಟಿಗಳ ಕೊಳೆತ ಸಿಪ್ಪೆ ಕಿತ್ತು ಹಾಕೋದು, ಅಲ್ಲೇ ಅತ್ತು ಮುಖ ತೊಳ್ಕೊಂಡು ಇಳಿಯೋದು. ಗಂಡ ನಡಿಲಿ ಅಂತ ಬೇಡ್ಕೊಂಡಾಕೀನೇ, ಇವತ್ತೊಂದು ದಿನ ನಡೀದಿದ್ರೆ ಸಾಕಪ್ಪಾ ಅಂತ ದೇವರ ಮುಂದೆ ನಿಂತಿದ್ದೆ. ಇಂಥಾ ಗತಿ ಯಾವ ಹೆಂಗಸಿಗೂ ಬ್ಯಾಡ.

ಬಂದೇ ಬಂತು. ಒಂದು ಬೆಳಿಗ್ಗೆ ನಾನು ಕೊಡ ತುಂಬಿಸ್ತಾ ಇದ್ದೆ. ತಿರುಗಿ ನೋಡಿದ್ರೆ ಇವರು ಎಡಗೈಯಿಂದ ಕಂಬಿ ಹಿಡಿದು ಮೂರನೇ ಮೆಟ್ಟಿಲ ಮೇಲಿದಾರೆ. ಕೊಡ ಬಿಟ್ಟು ಓಡಿ ಹೋಗಿ ಅಡ್ಡ ನಿಂತೆ.

"ಬ್ಯಾಡ್ರೀ, ಬೀಳ್ತೀರಿ."

ತಲೆ ಅಲ್ಲಾಡಿಸಿದ್ರು. ಕಾಲು ಎತ್ತಿದ್ರು.

"ಬ್ಯಾಡ ಅಂದ್ನಲ್ಲ! ಮೇಲೆ ಏನೂ ಇಲ್ಲ. ಮೊಗ್ಗೂ ಇಲ್ಲ, ಹೂವೂ ಇಲ್ಲ. ಎಲ್ಲಾ ಸತ್ತಾವೆ. ಸಿಪ್ಪೆ ತುಂಬಿ ನಾನೇ ಬೇಯಿಸಿ ಹಾಕಿದೀನಿ. ಸಾಕಾ?"

ಇಡೀ ಓಣಿಗೆ ಕೇಳಿಸಿರಬೇಕು. ಅವರು ಕಂಬಿ ಹಿಡಿದು ನಿಂತೇ ಇದ್ರು. ಇನ್ನು ತಿರುಗಿ ಇಳೀತಾರೆ, ಹೋಗಿ ಗೋಡೆ ಕಡೆ ಮುಖ ಮಾಡಿ ಮಲಗ್ತಾರೆ, ಮುಗೀತು ಅಂದ್ಕಂಡೆ. ಅವರು ಮೊಣಕೈಯಾಗೆ ನನ್ನ ಮೆಲ್ಲಗೆ ಪಕ್ಕಕ್ಕೆ ಸರಿಸಿ ಮತ್ತೆ ಹತ್ತಿದ್ರು. ಕಾಲು ಎಳೆದು ಎಳೆದು, ಉಸಿರು ಬಿಟ್ಟು ಬಿಟ್ಟು. ನಾನು ಹಿಂದೆ ಕೈ ಚಾಚ್ಕೊಂಡು ಹತ್ತಿದೆ. ಬೀಗ ತೆಗೆದೆ. ವಾಸನೆ ಹೊಡೀತು.

ಅವರು ಸುತ್ತ ನೋಡಲೂ ಇಲ್ಲ. ಬಕೆಟ್ಟು ಬೋರಲು ಹಾಕಿಸ್ಕಂಡು ಕೂತು, ಸೀತಾಳೆ ದಂಡೆ ಬುಟ್ಟಿ ಇಳಿಸು ಅಂತ ಕೈ ತೋರಿಸಿದ್ರು. ತೊಡೆ ಮೇಲೆ ಇಟ್ಕೊಂಡು ಎಡಗೈಯಾಗೆ ಸಿಪ್ಪೆ ಕಿತ್ತು ಕಿತ್ತು ಹಾಕಿದ್ರು. ಕಪ್ಪು ಬೇರು ಕಿತ್ತು ಎಸೆದ್ರು. ಇನ್ನೂ ಕಪ್ಪು, ಇನ್ನೂ ಕಪ್ಪು. ಕೊನೆಗೆ ಬುಡದ ಹತ್ತಿರ ಬೆರಳು ನಿಂತಿತು. ನನ್ನ ಕೈ ಹಿಡಿದು ಎಳೆದು ಅಲ್ಲಿ ಮುಟ್ಟಿಸಿದ್ರು. ಒಂದೇ ಒಂದು ಬೇರು, ಗಟ್ಟಿ ಇತ್ತು.

ನಾನು ಆ ಸುಡೋ ನೆಲದ ಮೇಲೇ ಕೂತುಬಿಟ್ಟೆ. "ಸುಳ್ಳು ಹೇಳಿದೆ ಕಣ್ರೀ ನಿಮಗೆ," ಅಂದೆ.

"ಗೊತ್ತು," ಅಂದ್ರು. ತೊದಲಿತು, ಆದ್ರೆ ಸ್ಪಷ್ಟ ಇತ್ತು. ನನ್ನ ಕೈ ಮೂಗಿನ ಹತ್ತಿರ ಒಯ್ದು ಮೂಸಿ ತೋರಿಸಿದ್ರು. ದಿನಾ ಆ ಕೈಯಾಗೇ ಅಲ್ಲವಾ ತುತ್ತು ತಿನ್ನಿಸ್ತಿದ್ದಿದ್ದು. ಹುಳಿ ಸಿಪ್ಪೆ ವಾಸನೆ ಎಷ್ಟು ಸೋಪು ಹಾಕಿದ್ರೂ ಹೋಗಿರಲಿಲ್ಲ.

ನನಗೆ ಸಿಟ್ಟೇ ಬಂತು. "ಗೊತ್ತಿದ್ದೂ ಹೂ ನೋಡಾಕೆ ಅಂತ ಸತ್ತು ಕೆಟ್ಟು ಯಾಕೆ ಹತ್ತಿದ್ರಿ?"

ತುಂಬ ಹೊತ್ತು ಬಾಯಿ ಆಡಿಸಿದ್ರು. ಮಾತು ಸಿಕ್ಕಲಿಲ್ಲ, ಮತ್ತೆ ಹುಡುಕಿದ್ರು.

"ನೀ... ದಿನಾ... ಒಬ್ಬಳೇ ಅಳ್ತಿದ್ದೆ," ಅಂದ್ರು. "ಇಲ್ಲಿ."

ಆ ವರ್ಷ ಸೀತಾಳೆ ದಂಡೆ ಹೂ ಬಿಡಲಿಲ್ಲ.