ಹುಣಿಸೇಹಣ್ಣು ಹಚ್ಚಿದ ರಿವಾಲ್ವರ್

ಎಂಬತ್ತರ ದಶಕದ ಕೊನೆಯಲ್ಲಿ ನಾನು ಬೊಂಬಾಯಿಯ ಅಂಧೇರಿಯಲ್ಲಿ, ಸಿನಿಮಾ ಶೂಟಿಂಗಿಗೆ ಸಾಮಾನು ಬಾಡಿಗೆಗೆ ಕೊಡುವ ಗೋದಾಮೊಂದರಲ್ಲಿ ಗುಮಾಸ್ತನಾಗಿದ್ದೆ. ಅಲ್ಲಿಯ ಕತ್ತಿ, ಕಿರೀಟ, ಬಂದೂಕುಗಳ ರಿಪೇರಿಗೆ ಉಡುಪಿ ಕಡೆಯ ಹಿರಿಯರೊಬ್ಬರಿದ್ದರು. ಮೈಸೂರಿನವನಾದ ನನಗೆ ಕನ್ನಡ ಮಾತಾಡಲು ಅವರೊಬ್ಬರೇ ಗತಿ.

ಆ ವರ್ಷ ಅವರ ಕೈಗೆ ಹಳೇ ಕಾಲದ ರಿವಾಲ್ವರಿನ ನಕಲೊಂದು ಬಂತು. ಗುಂಡು ಹಾರದು, ಕೇಪು ಸಿಡಿದು ಹೊಗೆ ಬರುವಂತೆ ಯಾರೋ ಬದಲಾಯಿಸಿದ್ದರು. ಹೊಳಪು ಮಾತ್ರ ಹೊಸ ಸ್ಟೀಲ್ ಲೋಟದ್ದು. ಸಿನಿಮಾದಲ್ಲಿ ಅದು ಅಜ್ಜನ ಕಾಲದ್ದಾಗಿ ಕಾಣಬೇಕಿತ್ತು. ಅವರು ಎಂಟು ದಿನ ತಿಕ್ಕಿ, ಒರೆಸಿ, ಎಣ್ಣೆ ಸವರಿ ಲೋಹಕ್ಕೆ ಕಂದುಗಪ್ಪು ಬಣ್ಣ ಬರಿಸಿದರು.

"ಹೊಸತು ಮಾಡುದು ಸುಲಭ ಮಾರಾಯ್ರೆ, ಹಳತು ಮಾಡುದೇ ಕಷ್ಟ" ಎಂದು ನಕ್ಕಿದ್ದರು. ಅರ್ಧ ಶೂಟಿಂಗ್ ಅದರಲ್ಲೇ ಮುಗಿಯಿತು.

ಅಷ್ಟರಲ್ಲಿ ಆಯುಧಪೂಜೆ. ಅವರು ರಜೆಯಲ್ಲಿದ್ದರು, ಪೂಜೆಯ ತಯಾರಿ ನನ್ನದು. ನಮ್ಮ ಮನೆಯಲ್ಲಿ ಈಳಿಗೆಮಣೆಯಿಂದ ಸೈಕಲ್ಲಿನವರೆಗೆ ಎಲ್ಲವನ್ನೂ ಫಳಫಳ ಮಾಡಿಯೇ ದೇವರ ಮುಂದಿಡುವುದು. ಹಬ್ಬಕ್ಕೆ ಶೂಟಿಂಗ್ ಇಲ್ಲದೆ ರಿವಾಲ್ವರೂ ಗೋದಾಮಿಗೆ ಬಂದಿತ್ತು; ಮೇಲಿನ ಜಿಡ್ಡಷ್ಟೇ ಹೋಗಲಿ ಎಂದು ಅದಕ್ಕೂ ಹುಣಿಸೇಹಣ್ಣು, ಉಪ್ಪು ಹಚ್ಚಿದೆ. ಬಣ್ಣವೇ ಎದ್ದು ಬಂತು. ಆಗಲೇ ನಿಲ್ಲಿಸಬೇಕಿತ್ತು. ಅರ್ಧ ಕಪ್ಪು, ಅರ್ಧ ಬಿಳುಪು ಇನ್ನೂ ಅಸಹ್ಯವೆಂದು ಪೂರ್ತಿ ಉಜ್ಜಿಬಿಟ್ಟೆ. ಕುಂಕುಮವಿಟ್ಟು ಸೇವಂತಿಗೆ ಬೇರೆ ಮುಡಿಸಿದೆ, ಅಧಿಕಪ್ರಸಂಗಿ!

ಹಬ್ಬ ಮುಗಿದು ಶೂಟಿಂಗಿಗೆ ಹೋದ ರಿವಾಲ್ವರ್ ಮೂರನೇ ದಿನ ಸ್ಟುಡಿಯೋದಿಂದ ವಾಪಸ್ಸು ಬಂತು. ಹಿಂದಿನ ದೃಶ್ಯದಲ್ಲಿ ಕಪ್ಪು, ಈಗ ಥಳಥಳ. ಆ ದಿನದ ಶೂಟಿಂಗ್ ನಿಂತಿತ್ತು.

"ಕೈಸಾ ಕಾಮ್ ಕಿಯಾ? ರಂಗ್ ಉಡ್ ಗಯಾ!" ಎಂದು ಗೋದಾಮಿನ ಮಾಲೀಕ ಸೇಠ್, ಬಳಿದ ಬಣ್ಣವೇ ನಿಲ್ಲಲಿಲ್ಲವೆಂದುಕೊಂಡು, ರಜೆ ಮುಗಿಸಿ ಬಂದಿದ್ದ ಹಿರಿಯರ ಮೇಲೆ ಹರಿಹಾಯ್ದ.

ಅವರು ಅದನ್ನು ತಿರುಗಿಸಿ ನೋಡಿದರು. ಹಿಡಿಕೆಯ ಸಂದಿಯಲ್ಲಿ ಕುಂಕುಮ ಉಳಿದಿತ್ತು. ನನ್ನತ್ತ ಒಮ್ಮೆ ನೋಡಿದರು. ನಾನು ರಿಜಿಸ್ಟರಿನಲ್ಲಿ ಮುಖ ಹುದುಗಿಸಿದೆ. ಕೆಲಸ ಖಾಯಂ ಆಗಿರಲಿಲ್ಲ, ಮನೆಯಲ್ಲಿ ಹೆಂಡತಿ ಬಸುರಿ. ಇವೆಲ್ಲ ನೆಪ; ಹೆದರಿದೆ, ಅಷ್ಟೇ. ಸಂಜೆಯೊಳಗೆ ಅವರ ಕೆಲಸ ಹೋಯಿತು.

ಎರಡು ವರ್ಷದ ಮೇಲೆ ಮಾಟುಂಗದ ಹೋಟೆಲೊಂದಕ್ಕೆ ಹೋದಾಗ ಕಾಫಿ ತಂದಿಟ್ಟವರು ಅವರೇ. ನಾಚಿಕೆಯಿಂದ ಕುಗ್ಗಿಹೋದೆ. ಹೇಗೋ ಬಾಯಿಬಿಟ್ಟೆ: "ಅದನ್ನ ಉಜ್ಜಿದ್ದು ನಾನು."

"ಗೊತ್ತುಂಟು. ಕುಂಕುಮ ಕಂಡಿತಲ್ಲ."

"ಮತ್ತೆ ಸೇಠ್‌ಗೆ ಯಾಕೆ ಹೇಳಲಿಲ್ಲ ನೀವು?"

"ಪೂಜೆ ಮಾಡಿದವರ ಮೇಲೆ ಎಂತ ದೂರು ಹೇಳುದು? ನೀವೇ ಹೇಳ್ತೀರಿ ಅಂತ ಕಾದೆ" ಎಂದರು. "ಕಾಫಿ ಆರ್ತದೆ, ಕುಡೀರಿ" ಎಂದು ಪಕ್ಕದ ಟೇಬಲ್ ಒರೆಸಲು ಹೋದರು.